ವಾಸಣ್ಣನ ಕೊರಿಯಾದ ಕೊಲೆಗಾರರು

ವಾಸಣ್ಣ ದೋಸೆ ಹುಯ್ಯುವಾಗ ಕಾವಲಿ ನೋಡುತ್ತಿರಲಿಲ್ಲ. ಅವರ ಕಣ್ಣು ಚಟ್ನಿ ಪಾತ್ರೆಗೆ ಒರಗಿಸಿದ ಫೋನಿನ ಮೇಲಿರುತ್ತಿತ್ತು. ಅಲ್ಲಿ ಒಬ್ಬ ಕೊರಿಯಾದವನು ಇನ್ನೊಬ್ಬ ಕೊರಿಯಾದವನನ್ನು ಸುತ್ತಿಗೆ ಹಿಡಿದು ಅಟ್ಟಿಸಿಕೊಂಡು ಹೋಗುತ್ತಿರುತ್ತಿದ್ದ. ದೋಸೆ ಮಾತ್ರ ಒಂದೂ ಸೀದದ್ದಿಲ್ಲ.

ಸಾಂತಾಕ್ರೂಜ್ ಸ್ಟೇಷನ್ ಹತ್ತಿರದ ಆ ಹೋಟೆಲಿಗೆ ನಾನು ಮಧ್ಯಾಹ್ನ ಮೂರಕ್ಕೆ, ಗಿರಾಕಿಗಳಿಲ್ಲದ ಹೊತ್ತಿಗೆ, ಆಫೀಸಿನಿಂದ ಹೋಗುತ್ತಿದ್ದೆ. ಬ್ರಹ್ಮಾವರ ಕಡೆಯ ವಾಸಣ್ಣ ಅಲ್ಲಿ ಬಹಳ ವರ್ಷಗಳಿಂದ ಅಡುಗೆಯವರು. ನಾನು ಧಾರವಾಡದವನು. ನಮ್ಮನ್ನು ಹತ್ತಿರ ತಂದದ್ದು ಕನ್ನಡವಲ್ಲ, ಕೊರಿಯಾದ ಥ್ರಿಲ್ಲರ್ ಸಿನಿಮಾಗಳ ಹುಚ್ಚು.

ನಾನು ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡು ನೋಡುವವನು. ವಾಸಣ್ಣನಿಗೆ ಇಂಗ್ಲಿಷ್ ಬಾರದು; ಕೊರಿಯನ್ ಅಂತೂ ಕೇಳಲೇಬೇಡಿ.

"ಅಕ್ಷರ ಓದ್ಲಿಕ್ಕೆ ಕೂತ್ರೆ ಮುಖ ನೋಡುದು ಯಾವಾಗ ಮಾರಾಯ್ರೆ?" ಎನ್ನುತ್ತಿದ್ದರು. ಮುಖ ನೋಡಿಯೇ ಕೊಲೆಗಾರನನ್ನು ಹಿಡಿಯುವುದು ಅವರ ಪದ್ಧತಿ. ಅರ್ಧಕ್ಕರ್ಧ ಸಲ ತಪ್ಪುತ್ತಿತ್ತು. ಆಗ ತಪ್ಪೆಲ್ಲ ಡೈರೆಕ್ಟರನದು. ಅಲ್ಲಿನ ಪೊಲೀಸರನ್ನು ಕಂಡರಂತೂ ಅವರಿಗೆ ಮೈಯೆಲ್ಲ ಉರಿ. "ಇವರಿಗೊಂದು ಪಿಸ್ತೂಲ್ ಕೊಡ್ಲಿಕ್ಕೆ ಸರ್ಕಾರಕ್ಕೆ ಎಂತ ದಾಡಿ? ಬರೀ ಓಡುದು, ಬೀಳುದು, ಎದ್ದು ನೂಡಲ್ಸ್ ತಿನ್ನುದು!"

ಒಂದು ಸಿನಿಮಾದಲ್ಲಿ ತರುಣ ಗೂಂಡಾ ಒಬ್ಬ ತನಗಿಂತ ಹಿರಿಯನೊಬ್ಬನನ್ನು ಮಾಳಿಗೆಯಿಂದ ದೂಡಿ, ಆಮೇಲೆ ಹೋ ಎಂದು ಅಳುತ್ತಾನೆ. ಸಿನಿಮಾದುದ್ದಕ್ಕೂ ಅವನನ್ನು 'ಹ್ಯೊಂಗ್' ಎಂದು ಕರೆದಿರುತ್ತಾನೆ. ಸಬ್‌ಟೈಟಲಿನಲ್ಲಿ ಅದು 'ಬ್ರದರ್'. ನಾನು ಒಡಹುಟ್ಟಿದವನ ಕೊಲೆಯ ಬಗ್ಗೆ ಮೂರು ಪುಟದ ಗಂಭೀರ ಲೇಖನವನ್ನು ನಮ್ಮ ಕನ್ನಡ ಸಂಘದ ಪತ್ರಿಕೆಗೆಂದು ಬರೆದೆ. ಕಳಿಸುವ ಮೊದಲು ವಾಸಣ್ಣನಿಗೆ ಓದಿ ತೋರಿಸಿದೆ.

ಈರುಳ್ಳಿ ಹೆಚ್ಚುತ್ತಲೇ ಕೇಳಿದರು. "ಅವರು ಅಣ್ಣತಮ್ಮ ಅಂತ ನಿಮಗೆ ಯಾರು ಹೇಳಿದ್ದು?"

"ಕೆಳಗ ಬರದಾರಲ್ರೀ, ಬ್ರದರ್ ಅಂತ."

"ಇಡೀ ಹೋಟೆಲು ನನ್ನನ್ನು ಅಣ್ಣ ಅಂತದೆ. ನೀವೂ ಹೇಳ್ತೀರಿ. ಹಾಗಾದ್ರೆ ನನ್ನ ಅಮ್ಮ ಧಾರವಾಡದಲ್ಲಿಯೂ ಒಂದು ಹೆತ್ತಿದ್ದಾಳಾ?"

ಅಡುಗೆಮನೆಯೆಲ್ಲ ನಕ್ಕಿತು. ನನಗೆ ತಡೆಯಲಾಗಲಿಲ್ಲ. "ನಿಮಗ ಓದಾಕ ಬರೂದಿಲ್ಲ. ಸುಮ್ನ ದೋಸೆ ನೋಡ್ರಿ" ಎಂದುಬಿಟ್ಟೆ.

ವಾಸಣ್ಣ ಫೋನನ್ನು ಆರಿಸಿ ಜೇಬಿಗಿಟ್ಟರು. ಅಂದಿನಿಂದ ನನ್ನ ಟೇಬಲ್ಲಿಗೆ ದೋಸೆ ಬಂತು, ವಾಸಣ್ಣ ಬರಲಿಲ್ಲ. ಕ್ಷಮೆ ಕೇಳಬೇಕೆಂದು ದಿನವೂ ಹೋಗುತ್ತಿದ್ದೆ, ಕಾಫಿ ಕುಡಿದು ಎದ್ದು ಬರುತ್ತಿದ್ದೆ. ಲೇಖನ ಅಚ್ಚಾಯಿತು. ಮೂರು ಜನ ಮೆಚ್ಚಿ ಪತ್ರವನ್ನೂ ಬರೆದರು.

ಮೂರನೆಯ ವಾರ, ವಿಮಾನ ನಿಲ್ದಾಣದ ಕಡೆಯ ಲಾಡ್ಜಿನಲ್ಲಿ ಇಳಿದಿದ್ದ ಇಬ್ಬರು ಕೊರಿಯಾದವರು ಮಸಾಲೆ ದೋಸೆ ತಿನ್ನಲು ಬಂದರು. ವಾಸಣ್ಣ ಕೈ ಒರೆಸಿಕೊಳ್ಳುತ್ತ ಹೊರಬಂದು, "ನೀವೇ ಕೇಳಿ. ಓದಿದವರಲ್ವಾ?" ಎಂದು ನನ್ನನ್ನು ಅವರ ಮುಂದೆ ನಿಲ್ಲಿಸಿದರು.

'ಹ್ಯೊಂಗ್' ಎಂದರೆ ಏನೆಂದು ಕೇಳಿದೆ. ಚಟ್ನಿಯ ಖಾರಕ್ಕೆ ಕಣ್ಣೀರು ಸುರಿಸುತ್ತಿದ್ದ ಚಿಕ್ಕವನು ತನ್ನ ಜೊತೆಗಾರನನ್ನು ತೋರಿಸಿದ. ಸ್ವಂತ ಅಣ್ಣನೇ ಆಗಬೇಕೆಂದಿಲ್ಲ, ಸಲಿಗೆಯಿರುವ ಹಿರಿಯ ಗಂಡಸರನ್ನೆಲ್ಲ ಹಾಗೇ ಕರೆಯುತ್ತೇವೆ, ಇವರೂ ನನ್ನ ಹ್ಯೊಂಗ್, ಒಂದೇ ಆಫೀಸು ಅಷ್ಟೇ, ಎಂದ. ಆ ಸಿನಿಮಾ ಅವನು ನೋಡಿರಲಿಲ್ಲ. ರಕ್ತ ಕಂಡರೆ ತಲೆ ಸುತ್ತುತ್ತದಂತೆ. ಇಷ್ಟವಾಗುವುದು ಹಿಂದಿ ಸಿನಿಮಾದ ಡ್ಯಾನ್ಸ್ ಅಂತೆ.

"ಛೆ! ಆ ದೇಶದಲ್ಲಿ ಹುಟ್ಟಿಯೂ ವೇಸ್ಟು!" ಎಂದರು ವಾಸಣ್ಣ.

"ನಾ ಹಂಗ ಅನಬಾರದಿತ್ತು, ವಾಸಣ್ಣ. ತಪ್ಪಾತ್ರಿ," ಎಂದೆ.

"ತಮ್ಮಂದಿರ ಮಾತೇ ಹಾಗೆ. ಮಾಳಿಗೆಯಿಂದ ದೂಡದಿದ್ರೆ ಸಾಕು." ಅಡುಗೆಮನೆಯ ಕಡೆ ತಿರುಗುತ್ತ ಹೇಳಿದರು: "ಆ ಹುಡುಗ ಅತ್ತದ್ದು ನೋಡಿಯೇ ನನಗೆ ಗೊತ್ತಾಯ್ತು. ಒಡಹುಟ್ಟಿದವನನ್ನು ಕೊಂದವ ಮೊದಲು ಆಸ್ತಿಯ ಕಾಗದ ಹುಡುಕ್ತಾನೆ. ಹಾಗೆ ಅಳುದಿಲ್ಲ."

ಮುಂದೆ ಕೆಲವು ವರ್ಷಕ್ಕೆ, ಒಲೆಯ ಮುಂದೆ ನಿಂತು ನಿಂತು ಅವರ ಮೊಣಕಾಲು ಸೋತಿತು, ಕೆಲಸ ಬಿಟ್ಟು ಊರಿಗೆ ಹೊರಟರು. ಅಲ್ಲೇ ತೀರಿಕೊಂಡ ಸುದ್ದಿ ಕಳೆದ ತಿಂಗಳು ಬಂತು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಕುರ್ಲಾ ಟರ್ಮಿನಸ್ಸಿನಲ್ಲಿ. ಕೊಂಕಣದ ಸುರಂಗಗಳಲ್ಲಿ ನೆಟ್‌ವರ್ಕ್ ಇರುವುದಿಲ್ಲವೆಂದು ಅವರ ಫೋನಿಗೆ ಆರು ಸಿನಿಮಾ ತುಂಬಿಕೊಟ್ಟಿದ್ದೆ. ಹೇಳಬೇಕಾದ ಎರಡು ಒಳ್ಳೆಯ ಮಾತು ಹೊಂದಿಸಿಕೊಂಡು ಕಿಟಕಿಯ ಹತ್ತಿರ ನಿಂತೆ. ಅಷ್ಟರಲ್ಲಿ ಅವರು ಎದುರು ಸೀಟಿನವನಿಗೆ ಫೋನು ತಿರುಗಿಸಿ ಹಿಡಿದಿದ್ದರು.

"ಇವ ಅಲ್ಲ ಮಾರಾಯ್ರೆ. ಹಿಂದೆ ಕೊಡೆ ಹಿಡಿದು ನಿಂತಿದ್ದಾನಲ್ಲ, ಅವ!"

ಎದುರು ಸೀಟಿನವನು ಒಪ್ಪಲಿಲ್ಲ. ಗಾಡಿ ಅಲುಗಿತು. "ವಾಸಣ್ಣ, ಹೋಗಿಬರ್ರಿ!" ಎಂದು ಕೂಗುತ್ತ ಕಿಟಕಿಯ ಜೊತೆಗೇ ನಡೆದೆ. ಅವರು ನನ್ನ ಕಡೆ ತಿರುಗದೆ, ಒಂದು ನಿಮಿಷ ತಡೆಯಿರಿ ಎಂಬಂತೆ ಒಂದು ಬೆರಳನ್ನೆತ್ತಿದರು. ಗಾಡಿ ತಡೆಯಲಿಲ್ಲ.