ಇಮಾನದ ಕೊಳ್ಳ

ಹತ್ತಿಕುಣಿಯಾಚೆಯ ಗುಡ್ಡಗಳ ನಡುವೆ ಒಂದು ಆಳವಾದ ಕೊಳ್ಳವಿದೆ. ಹಿಂದೆ ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲೊಂದು ವಿಮಾನ ಬಿದ್ದು, ಅದರ ಪೈಲಟ್ ಒಳಗೇ ಸತ್ತಿದ್ದ. ಮೊದಮೊದಲು ನಮ್ಮೂರಿನವರು ಅದರ ತಗಡು ಕಿತ್ತು ತಂದು ಕೋಳಿಗೂಡಿಗೆ ಬಾಗಿಲು ಮಾಡಿಕೊಂಡರಂತೆ. ಆಮೇಲೆ ಕರಡಿಗಳು ಸೇರಿಕೊಂಡವು, ಯಾರೂ ಇಳಿಯದಾದರು. ಇಮಾನದ ಕೊಳ್ಳ ಎಂಬ ಹೆಸರು ಮಾತ್ರ ಉಳಿಯಿತು.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಒಬ್ಬ ಹಿರಿಯರು ನಮ್ಮ ಮನೆಗೆ ಬಂದರು. ಶಹಾಪುರದ ಕಡೆಯವರು, ವಾಯುಪಡೆಯಲ್ಲಿದ್ದು ನಿವೃತ್ತರಾದವರು. ಅರಣ್ಯ ಇಲಾಖೆಯ ಅನುಮತಿ ಪಡೆದು ಆ ವಿಮಾನವನ್ನು ಮೇಲೆತ್ತಿಸಬೇಕೆಂದಿದ್ದರು. ಕುರಿ ಕಾಯುವ ನನ್ನ ಅಣ್ಣನಿಗೆ ದಾರಿ ಗೊತ್ತಿತ್ತು. ನಾನು ಕಲಿಸುವ ಶಾಲೆಗೆ ರಜೆ ಇದ್ದುದರಿಂದ ನಾನೂ ಯಾದಗಿರಿಯಿಂದ ತವರಿಗೆ ಬಂದಿದ್ದೆ.

ಅವ್ವ ಚಹಾ ಕೊಟ್ಟು ಎದುರಿಗೇ ಕೂತಳು.

"ಇಮಾನ ನಡಸಾಂವ ಬಿದ್ದಲ್ಲೇ ಮಣ್ಣಾಗ್ಯಾನ, ಪಾಪ. ಈಗ ಎಬ್ಬಿಸಿ ಏನ್ ಮಾಡ್ತೀರಿ?"

"ಅವನ ಮನಿ ಮಂದಿಗಿ ಅವ ಎಲ್ಲಿ ಬಿದ್ದಾನ ಅನ್ನೋದೇ ಗೊತ್ತಿಲ್ಲರಿ ಅವ್ವಾರ," ಎಂದರು ಹಿರಿಯರು.

ಅವ್ವ ಖಾಲಿ ಕಪ್ಪು ಎತ್ತಿಕೊಂಡಳು. "ಹಂಗಾದ್ರ ಎಲುಬು ಒಯ್ಯರಿ. ಕಬ್ಬಣ ಅಲ್ಲೇ ಬಿಡ್ರಿ." ಅಣ್ಣ ಚಪ್ಪಲಿ ಮೆಟ್ಟುವಾಗ ಅವಳು ನನ್ನ ಕಡೆ ತಿರುಗಿ, "ನೀನೂ ಹೋಗು. ನಿಮ್ಮಣ್ಣನ್ನ ಹೊಳ್ಳಿ ಕರ್ಕೊಂಡು ಬಾ," ಎಂದಳು.

ಕೊಳ್ಳದೊಳಗೆ ಬೆಳಗಿನ ಬಿಸಿಲೂ ಇಳಿದಿರಲಿಲ್ಲ. ಬಂಡೆಯ ಸಂದಿಯಲ್ಲಿ ಕರಡಿಯ ಹಸಿ ಲದ್ದಿ ಕಂಡು ನಾನು ಹಿರಿಯರ ಪಕ್ಕಕ್ಕೆ ಸರಿದೆ. ಅಣ್ಣ ಕೋಲಿನಿಂದ ಬಂಡೆಗೆ ಬಡಿಯುತ್ತಾ, ಜೋರಾಗಿ ಕೆಮ್ಮುತ್ತಾ ಮುಂದೆ ನಡೆದ. ಮುಳ್ಳುಕಂಟಿಯ ನಡುವೆ ಒಂದು ರೆಕ್ಕೆ, ಮಣ್ಣಲ್ಲಿ ಅರ್ಧ ಹೂತ ಎಂಜಿನ್ ಕಂಡವು. ಪೈಲಟ್ ಕೂರುವ ಜಾಗ ಅದರ ಹಿಂದೆ ಇರಬೇಕೆಂದು ಹಿರಿಯರು ತೋರಿಸಿದರು. ಅಡ್ಡ ಬಿದ್ದಿದ್ದ ತಗಡನ್ನು ಅಣ್ಣ ಹಾರೆಯಿಂದ ಮೀಟಿದ. ಒಳಗೇನೋ ಕುಸಿಯಿತು. ತುಕ್ಕು ಹಿಡಿದ, ಉದ್ದನೆಯ, ಕೊಡದಷ್ಟು ದಪ್ಪದ ಕಬ್ಬಿಣದ ವಸ್ತುವೊಂದು ಜಾರಿ ಬಂದು ಅವನ ಮೊಣಕಾಲ ಕೆಳಗೆ ಆನಿಕೊಂಡು ನಿಂತಿತು.

"ಕಾಲು ಅಲ್ಲಾಡಸಬ್ಯಾಡ," ಎಂದರು ಹಿರಿಯರು. ಅವರ ದನಿ ಬದಲಾಗಿತ್ತು.

"ಏನ್ರೀ ಅದು?" ಎಂದ ಅಣ್ಣ.

"ಬಾಂಬ್ ಇದ್ದಂಗ ಕಾಣಸ್ತದ."

ಅಣ್ಣ ನನ್ನ ಕಡೆ ನೋಡಿದ. "ತಂಗಿ, ನೀ ಮ್ಯಾಲ ಹೋಗು."

ನಾನು ಹೋಗಲಿಲ್ಲ. ಪಕ್ಕದ ಬಂಡೆ ಹಿಡಿದು ಅಲ್ಲೇ ಕೂತೆ. ಹಿರಿಯರು ಹೊಟ್ಟೆಯ ಮೇಲೆ ತೆವಳುತ್ತಾ ಹೋಗಿ ಅದರ ಕೆಳಗೆ ಕಲ್ಲು ಒಟ್ಟತೊಡಗಿದರು. ಅಣ್ಣ ಎರಡೂ ಕೈಯಿಂದ ತನ್ನ ತೊಡೆಯನ್ನು ಬಿಗಿಯಾಗಿ ಹಿಡಿದು ನಿಂತಿದ್ದ. ಅಷ್ಟರಲ್ಲಿ ಮೇಲೆ ಮಂಗಗಳು ಓಡಿ, ಒಂದು ಕಲ್ಲು ಉರುಳಿ ಬಂದು ರೆಕ್ಕೆಗೆ ಟಣ್ಣೆಂದು ಬಡಿಯಿತು. ಕಣ್ಣು ಮುಚ್ಚಿಕೊಂಡೆ. ಮತ್ತೆ ತೆರೆದಾಗ ಹಿರಿಯರ ಕೈ ಕಲ್ಲಿನ ಮೇಲೆ ಹಾಗೇ ನಿಂತಿತ್ತು.

"ಈಗ ತೆಗಿ. ಸಾವಕಾಶ," ಎಂದರು ಕೊನೆಗೆ.

ಅಣ್ಣ ಕಾಲು ಎಳೆದುಕೊಂಡ. ಅದು ಕಲ್ಲಿನ ಮೇಲೆ ಕೂತೇ ಉಳಿಯಿತು. ಮೂವರೂ ತಿರುಗಿ ನೋಡದೆ ಗುಡ್ಡದ ನೆತ್ತಿಯವರೆಗೆ ಹತ್ತಿದೆವು.

ಪೊಲೀಸರು ಬಂದು ಕಾವಲು ಹಾಕಿದರು. ಕೆಲವು ದಿನಗಳ ಮೇಲೆ ಬಂದ ಬಾಂಬ್ ತಜ್ಞರು, ಅದಿನ್ನೂ ಸಿಡಿಯಬಲ್ಲದು ಎಂದರು. ಹಿರಿಯರು ಬೇಡಿಕೊಂಡ ಮೇಲೆ, ಆಸನದ ಕೆಳಗಿನ ಮಣ್ಣು ಜರಡಿ ಹಿಡಿದು ಸಿಕ್ಕ ಒಂದಿಷ್ಟು ಎಲುಬನ್ನು ಮೊದಲು ಹೊರಗೆ ತಂದರು. ಆಮೇಲೆ ಬಾಂಬನ್ನು ಅಲ್ಲೇ ಸಿಡಿಸಿದರು. ನಾವು ಹತ್ತಿಕುಣಿ ಕೆರೆಯ ಏರಿಯ ಮೇಲೆ ನಿಂತಿದ್ದೆವು. ಸದ್ದಿಗೆ ನೀರಮೇಲಿನ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಅವ್ವ ಅಣ್ಣನ ತೋಳು ಹಿಡಿದುಕೊಂಡಳು. ಅವನು ನಿಂತಲ್ಲೇ ಕುಕ್ಕರಿಸಿದ.

ಉಳಿದ ಎಂಜಿನ್ನನ್ನಾದರೂ ಎತ್ತೋಣವೇ ಎಂದು ಹಿರಿಯರು ಮಳೆಗಾಲ ಕಳೆದ ಮೇಲೆ ಫೋನ್ ಮಾಡಿದ್ದರು.

"ನಾ ಬರಂಗಿಲ್ಲರಿ," ಎಂದ ಅಣ್ಣ. "ಬ್ಯಾರೆಯವ್ರಿಗೂ ದಾರಿ ತೋರಸಂಗಿಲ್ಲ."

ಅವರು ಒತ್ತಾಯಿಸಲಿಲ್ಲ. ಆ ಎಲುಬು ಯಾರದೆಂದು ಇನ್ನೂ ತಿಳಿದಿಲ್ಲವಂತೆ. ಅದನ್ನು ತಂದದ್ದು ಸರಿ ಎಂದೇ ನನಗೆ ಈಗಲೂ ಅನ್ನಿಸುತ್ತದೆ. ಆದರೆ ಅಂಥ ಬಾಂಬ್ ಇನ್ನೊಂದು ಅಲ್ಲಿಲ್ಲ ಎಂದು ತಜ್ಞರೂ ಖಚಿತವಾಗಿ ಹೇಳಲಿಲ್ಲ. ಅಣ್ಣ ಈಗ ಆ ಗುಡ್ಡಗಳನ್ನು ಬಿಟ್ಟು ಕುರಿಗಳನ್ನು ಮುದನಾಳದ ಕಡೆಗೆ ಹೊಡೆದುಕೊಂಡು ಹೋಗುತ್ತಾನೆ. ದೂರ, ಮೇವೂ ಕಡಿಮೆ. ಯಾಕೆಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ.