ಕಾದು ಕುಳಿತ ಇಲಿ

ಕಳೆದ ವಾರ ಮಹಾಲಯ ಅಮಾವಾಸ್ಯೆಯ ಸಂಜೆ ತಿ. ನರಸೀಪುರದ ಒಂದು ಮನೆಯ ಜಗಲಿಯಲ್ಲಿ ನಾವು ಮೂವರು ಕೂತಿದ್ದೆವು. ಒಳಗೆ ಸತ್ತವನೊಬ್ಬ ಊಟ ಮಾಡುತ್ತಿದ್ದ.

ಗಾಬರಿಯಾಗಬೇಡಿ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಟ್ಟು, ಬಾಗಿಲು ಮುಚ್ಚಿ ಹೊರಗೆ ಕೂರುವುದು ಆ ಮನೆಯ ಪದ್ಧತಿ. ಮತ್ತೆ ಒಳಗೆ ಹೋಗುವ ಮುಂಚೆ ಒಮ್ಮೆ ಕೆಮ್ಮಬೇಕು, ಉಣ್ಣುತ್ತಿರುವವರು ಎದ್ದು ಹೋಗಲಿ ಅಂತ. (ನಾನು ನಂಜನಗೂಡಿನಲ್ಲಿ ಮೂವತ್ತು ವರ್ಷ ಸೈನ್ಸ್ ಪಾಠ ಮಾಡಿದವನು. ಇಂಥ ಕಡೆ ಒಮ್ಮೆಯೂ ಕೆಮ್ಮಿದವನಲ್ಲ.)

ಮನೆ ನನ್ನ ಹಳೆಯ ಶಿಷ್ಯ ಸಿದ್ದರಾಜುವಿನದು. ಮೈಸೂರಿನ ಒಂದು ಲ್ಯಾಬಿನಲ್ಲಿ ಇಲಿಗಳನ್ನು ನೋಡಿಕೊಳ್ಳುವ ಕೆಲಸ ಅವನದು. ಎಡೆ ಇಟ್ಟಿದ್ದು ಅವನ ತಮ್ಮ ಕುಮಾರನಿಗೆ. ಹೋದ ವರ್ಷ ಬೈಕ್ ಆಕ್ಸಿಡೆಂಟಿನಲ್ಲಿ ತೀರಿಕೊಂಡ.

ನಮ್ಮ ಜೊತೆ ಕೂತಿದ್ದ ಅವರಮ್ಮ ಹಿತ್ತಲಿಗೆ ಹೋದಾಗ ಸಿದ್ದರಾಜು ಬಾಯಿಬಿಟ್ಟ. ಬದುಕಿದ್ದಾಗ ಕುಮಾರ ಅದೇ ಲ್ಯಾಬಿಗೆ ತೋಳಿನಿಂದ ಅಕ್ಕಿಕಾಳಿನಷ್ಟು ಚರ್ಮ ಕೊಟ್ಟಿದ್ದನಂತೆ. ಕರೆದುಕೊಂಡು ಹೋದವನು ಇವನೇ. ಅದರ ಜೀವಕೋಶಗಳನ್ನು ಮಿದುಳಿನ ಜೀವಕೋಶಗಳಾಗಿ ಬದಲಾಯಿಸಿ ಒಂದು ಇಲಿಮರಿಯ ತಲೆಯೊಳಗೆ ಸೇರಿಸಿದರು. ಮರಿ ಬೆಳೆಯಿತು. ಅದರೊಳಗೆ ಕುಮಾರನದೂ ಬೆಳೆಯಿತು.

ಆ ಇಲಿಗೆ ದಿನಾ ಒಂದು ಪರೀಕ್ಷೆ. ಎಡಗಡೆಯ ತೂತಿಗೆ ಮೂತಿ ಇಟ್ಟರೆ ತಕ್ಷಣ ಒಂದು ಹನಿ ಸಕ್ಕರೆ ನೀರು. ಬಲಗಡೆಯದಕ್ಕೆ ಇಟ್ಟರೆ ಕಾಯಬೇಕು, ಆದರೆ ನಾಲ್ಕು ಹನಿ.

"ಬೇರೆ ಇಲಿಗಳೆಲ್ಲ ಎಡಕ್ಕೇ ಓಡ್ತವೆ ಸಾ. ಇದೊಂದು ಬಲಗಡೆ ಓಗಿ ಸುಮ್ಕೆ ಕೂತ್ಕತದೆ. ನನ್ನೇ ನೋಡ್ತದೆ. ಕುಮಾರಾನೂ ಅಂಗೇ ಅಲ್ವಾ? ಒಬ್ಬಟ್ಟು ಬಡ್ಸುದ್ರೆ ಕೊನೇಗೆ ಅಂತ ಎಲೆ ತುದೀಲಿ ಮಡಿಕತಿದ್ದ."

"ಲೋ, ಚರ್ಮದ ಚೂರಿಗೆ ಒಬ್ಬಟ್ಟಿನ ನೆನಪು ಇರುತ್ತೇನೋ? ಅದು ಬರೀ ಇಲಿ" ಎಂದು ಗದರಿದೆ.

"ನಂಗೂ ಗೊತ್ತು ಸಾ. ಆದ್ರೆ ಪ್ರಯೋಗ ಮುಗೀತು. ಸೋಮವಾರ ಅದ್ಕೆ ಇಂಜೆಕ್ಷನ್ ಕೊಟ್ಟು ಸಾಯಿಸ್ತಾರೆ. ಕೈಲಿ ಇಡ್ಕಬೇಕಾದೋನು ನಾನೇ. ಅವ್ವಂಗೆ ಏನೂ ಗೊತ್ತಿಲ್ಲ."

ನೀವೇ ಹೇಳಿ, ಒಬ್ಬ ಮನುಷ್ಯ ಸತ್ತ ಅನ್ನಬೇಕಾದರೆ ಎಷ್ಟು ಸತ್ತಿರಬೇಕು? ಅವನದೊಂದು ಚೂರು ಮೈಸೂರಿನಲ್ಲಿ ಸಕ್ಕರೆ ನೀರಿಗೆ ಕಾಯುತ್ತಾ ಕೂತಿರುವಾಗ ಇಲ್ಲಿ ಎಡೆ ಇಡಬಹುದೇ? (ನಾನು ಕಲಿಸಿದ ಸಿಲಬಸ್ಸಿನಲ್ಲಿ ಇದು ಇರಲಿಲ್ಲ.)

ಅಷ್ಟರಲ್ಲಿ ಅವರಮ್ಮ ಬಂದು, ಕೆಮ್ಮಿ, ಬಾಗಿಲು ತೆಗೆದರು. ಎಲೆಯ ಮೇಲೆ ಅನ್ನ ಚೆಲ್ಲಾಡಿತ್ತು. ವಡೆಯ ಅಂಚನ್ನು ಯಾವುದೋ ಹಲ್ಲು ಕೊರೆದಿತ್ತು. ಪಕ್ಕದಲ್ಲೇ ಕಪ್ಪು ಹಿಕ್ಕೆ. ಮನೆಯ ಇಲಿ, ಮತ್ತೇನು?

ಒಬ್ಬಟ್ಟು ಮಾತ್ರ ಇಟ್ಟ ಹಾಗೇ ಇತ್ತು. ಸುಳ್ಳು ಯಾಕೆ ಹೇಳಲಿ, ನಾನು ಬಗ್ಗಿ ಇನ್ನೊಮ್ಮೆ ನೋಡಿದೆ.

ಅವರಮ್ಮ ನಗುತ್ತಲೇ ಕಣ್ಣೊರೆಸಿಕೊಂಡರು. "ಬಂದವ್ನೆ ಕಣ್ರೀ ಮೇಷ್ಟ್ರೇ. ಒಬ್ಬಟ್ಟ ಕೊನೇಗೆ ಅಂತ ಮಡಗವ್ನೆ. ಬನ್ನಿ ಆಚೆಗೆ, ನನ್ ಮಗ ಇನ್ನೂ ಉಂಡಿಲ್ಲ." ನಮ್ಮನ್ನು ಹೊರಗೆ ಕಳಿಸಿ, ತಾವೂ ಬಂದು ಬಾಗಿಲು ಮುಚ್ಚಿ, ಮತ್ತೆ ಹಿತ್ತಲಿಗೆ ಹೋದರು.

ಸಿದ್ದರಾಜು ಜಗಲಿಯಲ್ಲಿ ತನ್ನ ಕೈಗಳನ್ನೇ ನೋಡುತ್ತಾ ಕೂತ. "ಸೋಮವಾರ ಏನ್ ಮಾಡ್ಲಿ ಸಾ?"

ಬರೀ ಇಲಿ ಕಣೋ ಅನ್ನಲು ಹೊರಟೆ. ಒಳಗೆ ಬಾಳೆ ಎಲೆ ಸರಿದ ಸದ್ದಾಯಿತು.

ಎರಡನೇ ಸಲ ಬಾಗಿಲು ತೆಗೆಯುವ ಮುಂಚೆ ಕೆಮ್ಮಿದವನು ನಾನು.