ಕುರುಗೋಡಿನಲ್ಲಿ ಅತ್ತೆಗೆ ಪರೀಕ್ಷೆ

ಹೋದ ತಿಂಗಳು ನಾನು ಒಂದು ಮದುವೆ ಮುರಿದೆ.

ಗಾಬರಿ ಬೇಡ. ಯಾರ ಮನೆಗೂ ಹೋಗಿ ಚಾಡಿ ಹೇಳಲಿಲ್ಲ. ಇದೇ ಕಾಲಮ್ಮಿನಲ್ಲಿ ಒಬ್ಬ ನಟಿಯನ್ನು ಹೊಗಳಿದೆ. ಅಷ್ಟೇ ಸಾಕಾಯಿತು.

ನಟಿ ಅನಸೂಯಮ್ಮ. ಒಂಬತ್ತನೇ ವಯಸ್ಸಿಗೆ ನಾಟಕದ ಕಂಪನಿ ಸೇರಿ ಬಾಲಪಾರ್ಟು ಮಾಡಿದವರು. ಹದಿನಾರಕ್ಕೆ ನಾಯಕಿ. ಕನ್ನಡದಲ್ಲೂ ಸೈ, ತೆಲುಗಿನಲ್ಲೂ ಸೈ. ಎಂಟು ವರ್ಷದ ಹಿಂದೆ ಸಿರುಗುಪ್ಪದ ಕ್ಯಾಂಪಿನಲ್ಲಿ ಅತ್ತೆಯ ಪಾರ್ಟು ಮಾಡುವಾಕೆಗೆ ಜ್ವರ ಬಂತು. ‘ಇವತ್ತೊಂದು ದಿನ ನೀವು ನಿಂತು ಸುಧಾರಿಸಿ’ ಎಂದರು ಮಾಲೀಕರು. ಇವರು ನಿಂತರು. ಆ ಒಂದು ದಿನ ಇನ್ನೂ ಮುಗಿದಿಲ್ಲ!

ಮರುದಿನ ಸಿರುಗುಪ್ಪದ ಸಂತೆಯಲ್ಲಿ ಒಬ್ಬಾಕೆ ಇವರಿಗೆ ಬದನೆಕಾಯಿ ತೂಗಲಿಲ್ಲವಂತೆ. “ಮೊದ್ಲು ಸೊಸಿಗೆ ಹೊಟ್ಟಿತುಂಬ ಹಾಕು, ಆಮ್ಯಾಲೆ ಕಾಯಿಪಲ್ಯಕ್ಕ ಬಾ” ಅಂದಳಂತೆ. (ಕಲಾವಿದೆಗೆ ಇದಕ್ಕಿಂತ ದೊಡ್ಡ ಮೆಡಲ್ ಬೇಕೆ?) ನಾನು ಈ ಕಥೆಯನ್ನೆಲ್ಲ ಬರೆದು, ಕೊನೆಗೆ ಒಂದು ಒಗ್ಗರಣೆ ಹಾಕಿದೆ: ‘ಈಕೆಯ ಮನೆಗೆ ಹೆಣ್ಣು ಕೊಡುವ ಧೈರ್ಯ ಬಳ್ಳಾರಿ ಜಿಲ್ಲೆಯಲ್ಲಿ ಯಾರಿಗಿದೆ?’

ಬರೆದು ಬೀಗಿದೆ. ನಾಲ್ಕು ಜನ ಬೆನ್ನು ತಟ್ಟಿದರು. ಐದನೆಯವರಾಗಿ ಅನಸೂಯಮ್ಮನೇ ಮನೆಗೆ ಬಂದರು, ಕೈಯಲ್ಲಿ ಪೇಪರು.

“ಭಾಳ ಚೆಂದ ಬರದೀರಿ ಸ್ವಾಮಿ,” ಎಂದರು. “ನನ್ನ ಮಗನ ಲಗ್ನ ನಿಂತೈತಿ.”

ಆಕೆಗೆ ಮದುವೆ ವಯಸ್ಸಿನ ಮಗನಿದ್ದಾನೆಂದು ನನಗೇನು ಗೊತ್ತು? ಸಿರುಗುಪ್ಪದಲ್ಲಿ ಶಾಲಾ ಮಾಸ್ತರನಂತೆ. ಕುರುಗೋಡಿನ ಶೇಂಗಾ ವ್ಯಾಪಾರಿಯ ಮಗಳು ನೀಲಮ್ಮನ ಜೊತೆ ಮಾತುಕತೆ ಮುಗಿಯುವ ಹಂತದಲ್ಲಿತ್ತು. ವ್ಯಾಪಾರಿ ನನ್ನ ಕಾಲಂ ಓದುವ ಪುಣ್ಯಾತ್ಮ. ಹೆಂಡತಿ ಗೌರಮ್ಮನಿಗೂ ಓದಿ ಹೇಳಿದರು. ಆಕೆ ಕೂಡಲೇ ಹೇಳಿಕಳಿಸಿದರು: ಸಂಬಂಧ ಬೇಡ.

“ನಾಟಕದಾಕಿ ಅಂತ ಬ್ಯಾಡ ಅಂದಿದ್ರ ತಡಕೊಂತಿದ್ನಿ. ಅಂಥಾವು ಮೂರು ಸಂಬಂಧ ಹೋಗ್ಯಾವು. ಇವರು ಅದನ್ನ ಎತ್ತಲೇ ಇಲ್ಲ. ಈಗ ನನ್ನ ಪಾರ್ಟ ನನಗ ಮುಳ್ಳಾತು ನೋಡ್ರಿ,” ಎಂದರು ಅನಸೂಯಮ್ಮ. ಅವರು ಅಳಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಇಬ್ಬರೂ ಕುರುಗೋಡಿಗೆ ಹೊರಟೆವು. ಯುದ್ಧದಿಂದ ಪೆಟ್ರೋಲಿಗೆ ಬರ, ಹಾಗಾಗಿ ಇದ್ದಿಲ ಒಲೆಯಿಂದ ಓಡುವ ಬಸ್ಸು. ಒಲೆಗೆ ಗಾಳಿ ಹೊಡೆಸಿಕೊಳ್ಳಲು ಕೊಳಗಲ್ಲು ದಾಟುವುದರೊಳಗೆ ಎರಡು ಸಲ ನಿಂತಿತು. ನನ್ನ ಪಕ್ಕ ಅನಸೂಯಮ್ಮ, ಅವರ ಪಕ್ಕ ಖಾಲಿ ಸೀಟು. ನಿಂತಿದ್ದ ಹೆಂಗಸರು ಯಾರೂ ಆ ‘ಅತ್ತೆ’ಯ ಹತ್ತಿರ ಕೂರಲಿಲ್ಲ. ನಾನು ಕಿಟಕಿಯ ಹೊರಗೆ ಹತ್ತಿ ಹೊಲ ನೋಡುವವನಂತೆ ಕೂತೆ.

ಕುರುಗೋಡಿನಲ್ಲಿ ಮರ್ಯಾದೆಗೇನೂ ಕೊರತೆಯಿಲ್ಲ. “ಬರ್ರಿ, ಕೂಡ್ರಿ” ಎಂದರು. ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ, ಬೆಲ್ಲದ ಚಹಾ ಬಂತು. (ರೇಷನ್ ಸಕ್ಕರೆಯನ್ನು ಬೇಡವಾದ ಬೀಗರಿಗೆ ಯಾರು ಖರ್ಚು ಮಾಡುತ್ತಾರೆ?) ನಾನು ಗಂಟಲು ಸರಿಮಾಡಿಕೊಂಡು, ನಾಟಕ ಬೇರೆ, ಜೀವನ ಬೇರೆ ಎಂದು ಶುರುಮಾಡಿದೆ.

ಗೌರಮ್ಮ ತಡೆದರು. “ನಿಮ್ಮ ಮಾತು ಇರಲಿ. ಸೊಸಿ ಮ್ಯಾಲೆ ಇವರು ಬಿಂದಿಗಿ ಒಗದದ್ದು ನಾ ಕಣ್ಣಾರೆ ನೋಡೀನಿ.”

“ತಾಯೀ, ಅದು ರಟ್ಟಿನ ಬಿಂದಿಗೆ!” ಎಂದೆ.

“ಬಿಂದಿಗಿ ರಟ್ಟಿಂದು. ಒಗಿಯೋ ಕೈ ರಟ್ಟಿಂದೇನ್ರಿ?”

ನಾನು ಬಜ್ಜಿಗೆ ಕೈ ಹಾಕಿದೆ. ಅನಸೂಯಮ್ಮ ಮೆಲ್ಲಗೆ, “ನಿಮ್ಮ ಮಗಳನ್ನ ನನ್ನ ಮಗಳಂಗ ನೋಡಿಕೊಂತೀನ್ರೆವ್ವಾ” ಎಂದರು. ಎಷ್ಟು ಹಿತವಾದ ದನಿ! ಗೌರಮ್ಮ ಗಂಡನ ಕಡೆ ತಿರುಗಿದರು. “ನೋಡಿದ್ರೇನು? ಈಗ ಪಾರ್ಟು ಮಾಡಾಕ ಹತ್ತಿದ್ರು.”

ಅಯ್ಯೋ ದೇವರೇ. ಸ್ಟೇಜಿನ ಮೇಲೆ ಬೈದರೆ ಅದು ನಿಜ. ಮನೆಗೆ ಬಂದು ನಿಜ ಹೇಳಿದರೆ ಅದು ನಟನೆ. ಮೂವತ್ತು ವರ್ಷ ಬಣ್ಣ ಹಚ್ಚಿದ ಹೆಂಗಸು ಆಗ ತಲೆ ತಗ್ಗಿಸಿದರು. ನನಗೆ ನನ್ನ ಪೆನ್ನಿನ ಮೇಲೆ ಎಂದೂ ಬಾರದ ಸಿಟ್ಟು ಬಂತು.

ಆಗ ಬಾಗಿಲ ಹಿಂದಿನಿಂದ ನೀಲಮ್ಮ ಬಂದಳು. ಕೈಯಲ್ಲಿ ಬಿಂದಿಗೆ. ರಟ್ಟಿನದಲ್ಲ, ಹಿತ್ತಾಳೆಯದು. ಅದನ್ನು ಅನಸೂಯಮ್ಮನ ಮುಂದಿಟ್ಟಳು.

“ಆ ಸೀನು ಒಮ್ಮಿ ಮಾಡ್ರಿ. ಸೊಸಿ ನಾ ಆಗ್ತೀನಿ.”

ಹೆಣ್ಣು ನೋಡಲು ಹೋದವರು ಹುಡುಗಿಯ ಕೈಲಿ ಹಾಡು ಹೇಳಿಸುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಹುಡುಗಿಯೇ ಅತ್ತೆಗೆ ಪರೀಕ್ಷೆ ಇಟ್ಟದ್ದನ್ನು ನೀವು ಕಂಡಿದ್ದೀರಾ? ನಾನಂತೂ ಕಂಡಿರಲಿಲ್ಲ. ಗೌರಮ್ಮ “ಒಳಗ ನಡಿ!” ಎಂದರು. ಆಕೆ ನಡೆಯಲಿಲ್ಲ.

ಅನಸೂಯಮ್ಮ ಎದ್ದರು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದರು. ಅಷ್ಟೇ ನೋಡಿ, ಹಿತವಾದ ದನಿ ಎಲ್ಲಿ ಹೋಯಿತೋ! “ಏನೇ, ನೀರಿಗೆ ಹೋದಾಕಿ ಬಾವಿ ತೋಡಿ ಬಂದ್ಯೇನು?” ನನ್ನ ಕೈಲಿದ್ದ ಬಜ್ಜಿ ತಟ್ಟೆಗೆ ಬಿತ್ತು. ಬಿಂದಿಗೆ ಮೇಲೆ ಎದ್ದಿತು.

ನಾಟಕದಲ್ಲಿ ಇಲ್ಲಿ ಸೊಸೆ ಕಾಲಿಗೆ ಬಿದ್ದು ಅಳಬೇಕು. ನೀಲಮ್ಮ ಕೈಯೆತ್ತಿ ಬಿಂದಿಗೆಯ ಕಂಠ ಹಿಡಿದಳು.

“ಅತ್ತೀ, ಒಗದ್ರ ಇದು ನೆಗ್ಗತೈತಿ. ನೆಗ್ಗಿದ್ರ ನೀರು ಕಡಿಮಿ ಹಿಡಿತೈತಿ. ಒಂದು ಸಲದ ನೀರಿಗೆ ಎರಡು ಸಲ ಹೋಗಬೇಕು. ಎರಡನೇ ಸಲ ನೀವು ಹೋಗ್ತೀರೇನು?”

ಅನಸೂಯಮ್ಮ ಅಭ್ಯಾಸಬಲದಿಂದ ಎಡಕ್ಕೆ ನೋಡಿದರು, ಸೈಡ್‌ವಿಂಗಿನಿಂದ ಯಾರಾದರೂ ಮಾತು ಕೊಡುತ್ತಾರೇನೋ ಎಂದು. ಅಲ್ಲಿ ಶೇಂಗಾ ಚೀಲ ಬಿಟ್ಟರೆ ಯಾರೂ ಇರಲಿಲ್ಲ. ಆಮೇಲೆ ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಎಂಟು ವರ್ಷದಾಗ ಒಬ್ಬ ಸೊಸಿನೂ ತಿರುಗಿ ಮಾತಾಡಿಲ್ಲವ್ವಾ. ಮುಂದ ಏನನ್ನಬೇಕು, ನನಗ ಗೊತ್ತಿಲ್ಲ!”

ಗೌರಮ್ಮ ಅವರನ್ನು ನೋಡಲಿಲ್ಲ. ಮಗಳನ್ನೇ ನೋಡುತ್ತಿದ್ದರು, ಹೊಸದಾಗಿ ನೋಡುವವರಂತೆ. ಆಮೇಲೆ ಒಳಗೆ ಹೋಗಿ, ರೇಷನ್ ಸಕ್ಕರೆಯ ಡಬ್ಬಿಯನ್ನೇ ತಂದು ಬೀಗಿತ್ತಿಯ ಬಾಯಿಗೆ ಒಂದು ಚಿಟಿಕೆ ಹಾಕಿದರು. ಮದುವೆ ಗೊತ್ತಾಯಿತು. ನನಗೂ ಒಂದು ಚಿಟಿಕೆ ಸಿಕ್ಕಿತು. ವ್ಯಾಪಾರಿ ನನ್ನ ಕಿವಿಯಲ್ಲಿ, “ಇನ್ನ ನಮ್ಮ ಚಿಂತಿ ಮುಗೀತ್ರಿ, ಅವರದು ಶುರು ಆತು” ಎಂದರು.

ಊರಿಗೆ ಮರಳಿದ ಮೇಲೆ ಅನಸೂಯಮ್ಮ ಸುಮ್ಮನಿರಲಿಲ್ಲ. ನೀಲಮ್ಮನ ಮಾತನ್ನು ನಾಟಕಕ್ಕೆ ಸೇರಿಸಿ ಎಂದು ಮಾಲೀಕರನ್ನು ಕೇಳಿದರು. ಅವರು ಕೈ ಮುಗಿದುಬಿಟ್ಟರಂತೆ: “ಸೊಸಿ ಉತ್ತರ ಕೊಟ್ರ ಯಾರು ಟಿಕೆಟ್ ತಗೋತಾರವ್ವಾ?”

ಹಾಗಾದರೆ ಎಂಟು ವರ್ಷ ಟಿಕೆಟ್ ತೆಗೆದು ನಾವು ನೋಡಲು ಹೋದದ್ದು ಅತ್ತೆಯ ಅಭಿನಯವನ್ನೋ, ಸೊಸೆಯ ಕಣ್ಣೀರನ್ನೋ?